ತಾಳೆ ಚಿಪ್ಪಿನ ಕಾರ್ಬನ್, ಚೊಗರಿನ ನೀರು

ಸುಗ್ಗಿ ಬಂತೆಂದರೆ ನಮ್ಮ ತೋಟದ ಕೆಳಗಿನ ಹಳ್ಳ ಕೆಂಪಗಾಗುತ್ತದೆ. ಅಡಿಕೆ ಬೇಯಿಸಿದ ಹಂಡೆ ತೊಳೆದ ನೀರು, ಚೆಲ್ಲಿದ ಚೊಗರು (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ), ಎಲ್ಲ ಇಳಿಯುವುದು ಅಲ್ಲಿಗೇ. ತೀರ್ಥಹಳ್ಳಿ ಕಡೆಯವರಿಗೆ ಇದೇನು ಹೊಸದಲ್ಲ. ಆದರೆ ಚಿಕ್ಕವಳಿದ್ದಾಗ ನಾನು ಏಡಿ ಹಿಡಿದ ಹಳ್ಳ ಅದು. ನೋಡಿದರೆ ಹೊಟ್ಟೆ ಉರಿಯುತ್ತದೆ. ಈಗ ಶಿವಮೊಗ್ಗದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ನನ್ನ ಕೆಲಸ. ಆ ಬಣ್ಣ ಹಿಡಿಯಲಿಕ್ಕೆ ಅಂತಲೇ ಮೂರು ವರ್ಷದಿಂದ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಒಳಗೆಲ್ಲ ಸಣ್ಣ ರಂಧ್ರಗಳಿರುವ ಇದ್ದಿಲು, ಮಾಡುತ್ತಿದ್ದೇನೆ. ಅದಕ್ಕೆ ಬಳಸುವುದು ತಾಳೆ ಬೀಜದ ಚಿಪ್ಪು.

ಭದ್ರಾ ಅಚ್ಚುಕಟ್ಟಿನಲ್ಲಿ ನಮ್ಮ ಭಾವ ತಾಳೆ ಬೆಳೆಯುತ್ತಾರೆ. ನೂರು ಕೆಜಿ ಗೊನೆ ಅರೆದರೆ ಸಿಗುವ ಎಣ್ಣೆ ಸುಮಾರು 20 ಕೆಜಿ. ಹಣ್ಣು ಬಿಡಿಸಿದ ಖಾಲಿ ಗೊನೆಯೇ 20 ಕೆಜಿಗೆ ಮೇಲೆ, ನಾರು ಹತ್ತು ಹನ್ನೆರಡು, ಚಿಪ್ಪು 5ರಿಂದ 7. ಜಗತ್ತಿನ ತಾಳೆ ಎಣ್ಣೆಯಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಇಂಡೋನೇಷ್ಯಾ, ಮಲೇಷ್ಯಾದಿಂದಲೇ ಬರುತ್ತದೆ. ಅಲ್ಲಿ ಈ ಕಸ ಎಷ್ಟು ರಾಶಿ ಬೀಳಬಹುದು, ಲೆಕ್ಕ ಹಾಕಿ. ಇವುಗಳಲ್ಲಿ ಕಾರ್ಬನ್ನಿಗೆ ಒಳ್ಳೆಯದು ಚಿಪ್ಪು. ಗಟ್ಟಿ, ಬೂದಿ ಕಡಿಮೆ. ಸಿಗದಿದ್ದರೆ ತೆಂಗಿನ ಗೆರಟೆ ತೆಗೆದುಕೊಳ್ಳಿ, ವಿಧಾನ ಅದೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಚ್ಚಲೊಲೆಯ ಇದ್ದಿಲನ್ನು ಪುಡಿ ಮಾಡಿದರೆ ಆಕ್ಟಿವೇಟೆಡ್ ಕಾರ್ಬನ್ ಆಗುವುದಿಲ್ಲ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೊದಲು ಉರಿಸಿದ್ದು ನಮ್ಮ ಮಲೆನಾಡಿನ ಕಟ್ಟಿಗೆಯ ಇದ್ದಿಲನ್ನೇ. ಅದಿರು ಕರಗಿಸಲು ಅದು ಸಾಕು. ನೀರಿನ ಬಣ್ಣ ಹಿಡಿಯಲು ಸಾಲದು, ಯಾಕೆಂದರೆ ಅದರ ರಂಧ್ರಗಳು ಡಾಂಬರಿನಂಥ ಜಿಗುಟಿನಿಂದ ಮುಚ್ಚಿರುತ್ತವೆ. ನಮಗೆ ಬೇಕಾದ್ದು ಹುತ್ತದಂಥದ್ದು. ಹೊರಗೆ ಗಟ್ಟಿ, ಒಳಗೆ ಎಲ್ಲೆಲ್ಲೂ ಸುರಂಗ. ಒಳ್ಳೆಯ ಕಾರ್ಬನ್ನಿನಲ್ಲಿ ಗ್ರಾಮಿಗೆ 1000 ಚದರ ಮೀಟರ್ ಮೈ ಇರುತ್ತದೆ. ನಾಲ್ಕು ಗ್ರಾಮಿನಲ್ಲಿ ಹತ್ತಿರ ಹತ್ತಿರ ಒಂದು ಎಕರೆ ತೋಟ!

ಸುರಂಗ ಕೊರೆಯಲು ಎರಡು ದಾರಿ. ಇದ್ದಿಲಿನ ಮೇಲೆ 800–900 ಡಿಗ್ರಿಯಲ್ಲಿ ಹಬೆ ಹಾಯಿಸುವುದು ಒಂದು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಆ ವಿಷಾನಿಲಕ್ಕೆ ವಾಸನೆಯೂ ಇಲ್ಲ. ಅದು ಕಾರ್ಖಾನೆಯವರ ಕೆಲಸ. ನಾನು ಮಾಡುವುದು ಫಾಸ್ಫಾರಿಕ್ ಆಸಿಡ್ಡಿನಿಂದ, 500 ಡಿಗ್ರಿ ಒಳಗೇ ಮುಗಿಯುತ್ತದೆ. ಇದನ್ನೂ ಲ್ಯಾಬಿನಲ್ಲೇ ಮಾಡಿ. ಹೊಗೆ ಎಳೆಯುವ ಹುಡ್, ಕನ್ನಡಕ, ಗ್ಲೌಸು ಬೇಕೇ ಬೇಕು. ಅಡುಗೆಮನೆಯಲ್ಲಿ ಖಂಡಿತ ಬೇಡ.

ಚಿಪ್ಪಿಗೆ ಅಂಟಿದ ನಾರು, ಎಣ್ಣೆ ಹೋಗುವ ಹಾಗೆ ಬಿಸಿನೀರಲ್ಲಿ ಉಜ್ಜಿ ತೊಳೆಯಿರಿ. ದೀಪಾವಳಿ ಕಳೆದ ಮೇಲೆ ಶುರು ಮಾಡಿದರೆ ಒಳ್ಳೆಯದು, ಆಷಾಢದ ಜಡಿಮಳೆಯಲ್ಲಿ ಇಲ್ಲಿ ಏನೂ ಒಣಗುವುದಿಲ್ಲ. ಒಣಗಿದ ಮೇಲೆ ಕುಟ್ಟಿ ಜರಡಿ ಹಿಡಿಯಿರಿ. ಅಕ್ಕಿ ನುಚ್ಚಿನ ಗಾತ್ರ, ಅಂದರೆ 1–2 ಮಿಲಿಮೀಟರ್ ಇದ್ದರೆ ಸರಿ. ತೀರಾ ಹಿಟ್ಟಾದರೆ ಆಮೇಲೆ ನೀರು ಇಳಿಯುವುದೇ ಇಲ್ಲ.

ಇನ್ನು ಅಳತೆ. 100 ಗ್ರಾಂ ನುಚ್ಚಿಗೆ 90 ಮಿಲಿ ನೀರು, ಅದಕ್ಕೆ ನಿಧಾನ 90 ಮಿಲಿ ಆಸಿಡ್, ಶೇಕಡಾ 85ರದ್ದು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ. ಇದರಲ್ಲಿ ನುಚ್ಚನ್ನು ಒಂದು ರಾತ್ರಿ ನೆನೆಸಿ. ಮಾರನೇ ದಿನ 110 ಡಿಗ್ರಿ ಓವನ್ನಿನಲ್ಲಿಟ್ಟರೆ ಕಪ್ಪಾಗಿ, ಹಳೇ ಬೆಲ್ಲದ ಹಾಗೆ ಅಂಟಂಟಾಗುತ್ತದೆ. ಅದನ್ನು ಪಿಂಗಾಣಿ ಕ್ರೂಸಿಬಲ್ಲಿಗೆ (ಮೂಸೆಗೆ) ಅರ್ಧ ಮಾತ್ರ ತುಂಬಿ, ಮುಚ್ಚಳ ಹಾಕಿ, ಮಫಲ್ ಫರ್ನೇಸಿನಲ್ಲಿಡಿ, ಅಂದರೆ ಲ್ಯಾಬಿನ ಕುಲುಮೆಯಲ್ಲಿ. ಸ್ಟೀಲ್ ಡಬ್ಬಿ ಬೇಡ, ಬಿಸಿ ಆಸಿಡ್ ಅದನ್ನು ತಿನ್ನುತ್ತದೆ. ನಿಮಿಷಕ್ಕೆ ಐದು ಡಿಗ್ರಿಯಂತೆ ಏರಿಸಿ, 450ರಲ್ಲಿ ಒಂದು ಗಂಟೆ ನಿಲ್ಲಿಸಿ, ಆರಿಸಿಬಿಡಿ. ಪೂರ್ತಿ ತಣ್ಣಗಾಗುವವರೆಗೆ ತೆಗೆಯಬೇಡಿ. ಮೊದಲ ಸಲ ನಾನು ಅವಸರ ಮಾಡಿ ಬಿಸಿ ಇರುವಾಗಲೇ ಮುಚ್ಚಳ ಎತ್ತಿದೆ. ಗಾಳಿ ತಾಗಿದ್ದೇ ತಡ, ಅಂಚಿನಲ್ಲಿ ಕೆಂಡ ಹೊಳೆಯಿತು. ಎರಡು ದಿನದ ಕೆಲಸದಲ್ಲಿ ಅರ್ಧ ಬೂದಿ.

ಜಾಸ್ತಿ ತಾಳ್ಮೆ ಬೇಕಾದ್ದು ತೊಳೆಯುವಾಗ. ಕಾರ್ಬನ್ನಿನ ತುಂಬ ಆಸಿಡ್ ಕೂತಿರುತ್ತದೆ, ಅದು ಹೊರಗೆ ಬಂದ ಜಾಗವೇ ನಮಗೆ ಬೇಕಾದ ರಂಧ್ರ. ಬಿಸಿನೀರು ಹಾಕಿ, ಕಲಕಿ, ಕೆಳಗೆ ಕೂತ ಮೇಲೆ ಬಗ್ಗಿಸಿ. ಪ್ರತಿ ಸಲವೂ ಹುಳಿ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಪಿಎಚ್ ಕಾಗದ ಅದ್ದಿ ನೋಡಿ. ಮೊದಲಿನ ಮೂರು ನೀರಿಗೆ ಕಾಗದ ಕೆಂಪಗೇ ಇರುತ್ತದೆ. ನಾಲ್ಕೈದನೆಯದಕ್ಕೆ ಕಿತ್ತಳೆ, ಆಮೇಲೆ ಹಳದಿ. ನನಗೆ ಸಾಮಾನ್ಯವಾಗಿ ಒಂಬತ್ತು ಹತ್ತು ನೀರು ಹಿಡಿಯುತ್ತದೆ. ಪಿಎಚ್ 6 ದಾಟದೆ ನಿಲ್ಲಿಸಬೇಡಿ. ಆ ಹುಳಿ ನೀರನ್ನು ಸುಮ್ನೆ ಚರಂಡಿಗೆ ಬಿಡಬಾರದು. ಹಳ್ಳ ಉಳಿಸಲು ಹೊರಟವರು ನಾವು, ಅಲ್ವಾ? ಸುಣ್ಣದ ತಿಳಿ ಹಾಕುತ್ತಾ ಹೋದರೆ ಫಾಸ್ಫೇಟು ಬಿಳಿ ಗಸಿಯಾಗಿ ತಳಕ್ಕೆ ಇಳಿಯುತ್ತದೆ. ತೊಳೆದ ಕಾರ್ಬನ್ನನ್ನು 110 ಡಿಗ್ರಿಯಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಗೆ ತುಂಬಿ. ನನಗೆ 100 ಗ್ರಾಂ ಚಿಪ್ಪಿಗೆ 40 ಗ್ರಾಂ ಆಚೀಚೆ ಸಿಗುತ್ತದೆ.

ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಲ್ಯಾಬಿನಲ್ಲಿ ಅಯೋಡಿನ್ ಸಂಖ್ಯೆ ತೆಗೆಯುತ್ತೇವೆ, ಗ್ರಾಮಿಗೆ ಎಷ್ಟು ಮಿಲಿಗ್ರಾಂ ಅಯೋಡಿನ್ ಹೀರಿತು ಅಂತ. ಆದರೆ ಅಪ್ಪನಿಗೆ ತೋರಿಸಲು ನಾನು ಹಿಡಿದದ್ದು ಚೊಗರನ್ನೇ. ಒಂದು ಲೀಟರ್ ನೀರಿಗೆ ಒಂದು ಚಮಚ ಚೊಗರು, ಹಾಲು ಹಾಕದ ಕಣ್ಣ ಚಹಾದ ಬಣ್ಣ ಬಂತು. ಮೂರು ಲೋಟಕ್ಕೆ ನೂರು ನೂರು ಮಿಲಿ ಹಾಕಿದೆ. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಬಚ್ಚಲೊಲೆಯ ಇದ್ದಿಲು ಪುಡಿ, ಇನ್ನೊಂದಕ್ಕೆ ಒಂದು ಗ್ರಾಂ ಕಾರ್ಬನ್. ಅರ್ಧ ಗಂಟೆ ಕಲಕಿ ಸೋಸಿದೆವು. ಇದ್ದಿಲಿನ ಲೋಟ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ಕಾರ್ಬನ್ನಿನ ಲೋಟದ ಆಚೆ ಅಪ್ಪನ ಬೆರಳ ಗೆರೆ ಕಾಣುತ್ತಿತ್ತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಚೊಗರಿಗೆ ಒಗರು, ಬಣ್ಣ ಕೊಡುವ ಟ್ಯಾನಿನ್ ದೊಡ್ಡ ಅಣು, ಅದಕ್ಕೆ ಬಾಗಿಲೂ ದೊಡ್ಡದಿರಬೇಕು. ಫಾಸ್ಫಾರಿಕ್ ಆಸಿಡ್ಡಿನಿಂದ ಅಂಥ ಅಗಲವಾದ ರಂಧ್ರಗಳೂ ಸಿಗುತ್ತವೆ.

ಹಾಗಂತ ಈ ನೀರು ಕುಡಿಯಬೇಡಿ. ಕಾರ್ಬನ್ ಬಣ್ಣ, ವಾಸನೆ, ಕ್ಲೋರಿನ್, ಕೆಲವು ಕೀಟನಾಶಕ ಹಿಡಿಯುತ್ತದೆ. ರೋಗಾಣು ಕೊಲ್ಲುವುದಿಲ್ಲ, ಉಪ್ಪು, ಗಡಸುತನ, ನೈಟ್ರೇಟ್ ತೆಗೆಯುವುದಿಲ್ಲ. ಮನೆಯ ಫಿಲ್ಟರಿಗೆ ಪರೀಕ್ಷೆಯಾದ ಕಾರ್ಬನ್ನನ್ನೇ ಅಂಗಡಿಯಿಂದ ತನ್ನಿ.

ಒಲೆಮನೆಯ ಹಿಂದೆ ನಾನು ನಿಲ್ಲಿಸಿರುವುದು ನಾಲ್ಕು ಇಂಚಿನ ಪಿವಿಸಿ ಪೈಪು. ತಳಕ್ಕೆ ಬೆಣಚುಕಲ್ಲು, ಮೇಲೆ ಮರಳು, ಆಮೇಲೆ ಕಾರ್ಬನ್, ಮತ್ತೆ ಮರಳು. ಹಂಡೆ ತೊಳೆದ ನೀರನ್ನು ಮೊದಲು ಡ್ರಮ್ಮಿನಲ್ಲಿ ತಂಗಿಸಿ, ಕಸ ಕೂತ ಮೇಲೆ ಹನಿಹನಿಯಾಗಿ ಬಿಡುತ್ತೇನೆ. ಗಟ್ಟಿ ಚೊಗರು ಸುರಿದರೆ ಒಂದೇ ದಿನಕ್ಕೆ ಕಾರ್ಬನ್ ಕೈಕೊಟ್ಟುಬಿಡುತ್ತದೆ. ಕೆಳಗಿನ ನೀರು ಮತ್ತೆ ಕೆಂಪಗಾಯಿತೆಂದರೆ ಕಾರ್ಬನ್ ತುಂಬಿತು ಅಂತ ಅರ್ಥ. ಅದನ್ನು ಒಣಗಿಸಿ ಹಂಡೆ ಒಲೆಗೇ ಹಾಕುತ್ತೇನೆ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮು ತೊಳೆದ ನೀರು ಸೋಸಿದ್ದಾದರೆ ಮಾತ್ರ ಒಲೆಗೂ ಬೇಡ, ತೋಟಕ್ಕೂ ಬೇಡ. ಮೈಲುತುತ್ತದ ತಾಮ್ರ ಅದರಲ್ಲಿ ಕೂತಿರುತ್ತದೆ. ಅದಕ್ಕೇ ಒಂದು ಬೇರೆ ಡಬ್ಬಿ ಇಟ್ಟು, ಮೇಲೆ ಚೀಟಿ ಅಂಟಿಸಿದ್ದೇನೆ.