ಹಳೆಯ ಬುಲೆಟ್ಟೋ, ಹೊಸದೋ: ಎಂಜಿನ್ ನೋಡಿ ಆರಿಸುವುದು ಹೇಗೆ?

ಸೆಕೆಂಡ್ ಹ್ಯಾಂಡ್ ರಾಯಲ್ ಎನ್‌ಫೀಲ್ಡ್ 350 ಕೊಳ್ಳಲು ಹೊರಟವರು ಮೊದಲು ಆರ್‌ಸಿಯಲ್ಲಿ ಎಂಜಿನ್ನಿನ ಸಿಸಿ ನೋಡಬೇಕು. 346 ಎಂದಿದ್ದರೆ ಅದು ಪುಶ್‌ರಾಡ್ ಎಂಜಿನ್. 349 ಎಂದಿದ್ದರೆ, 2020ರಲ್ಲಿ ಮೀಟಿಯರ್ ಮಾದರಿಯ ಜೊತೆ ಬಂದು, 2021ರಲ್ಲಿ ಕ್ಲಾಸಿಕ್‌ಗೂ 2023ರಲ್ಲಿ ಬುಲೆಟ್‌ಗೂ ಅಳವಡಿಕೆಯಾದ ಓವರ್‌ಹೆಡ್ ಕ್ಯಾಮ್ ಎಂಜಿನ್.

ಎರಡರಲ್ಲೂ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡ) ಎರಡು ಸುತ್ತು ತಿರುಗಿದಾಗ ಕ್ಯಾಮ್ (ಗಾಳಿ, ಹೊಗೆಯ ದಾರಿಯ ವಾಲ್ವ್‌ಗಳನ್ನು ತೆರೆಸುವ ದಂಡ) ಒಂದು ಸುತ್ತು ತಿರುಗುತ್ತದೆ. ಬೇರೆಯಾಗಿರುವುದು ಕ್ಯಾಮ್ ಇರುವ ಜಾಗ. ಪುಶ್‌ರಾಡ್ ಎಂಜಿನ್ನಿನಲ್ಲಿ ಅದು ಕೆಳಗೆ ಕ್ರ್ಯಾಂಕ್ ಪಕ್ಕದಲ್ಲಿದ್ದು, ಉದ್ದನೆಯ ಸರಳುಗಳ ಮೂಲಕ ಮೇಲಿನ ರಾಕರ್ ಎಂಬ ಸನ್ನೆಗಳನ್ನು ತಳ್ಳಿ ವಾಲ್ವ್ ತೆರೆಸುತ್ತದೆ. ಓವರ್‌ಹೆಡ್ ಕ್ಯಾಮ್‌ನಲ್ಲಿ ಅದು ಸಿಲಿಂಡರಿನ ಮೇಲ್ಭಾಗವಾದ ಹೆಡ್‌ನೊಳಗೇ ಕುಳಿತು ಚೈನಿನಿಂದ ತಿರುಗುವುದರಿಂದ, ಸರಳುಗಳ ತೂಕ ತಪ್ಪಿ, ಹೆಚ್ಚಿನ ಆರ್‌ಪಿಎಂನಲ್ಲೂ ವಾಲ್ವ್ ಸಮಯಕ್ಕೆ ಸರಿಯಾಗಿ ಮುಚ್ಚಿಕೊಳ್ಳುತ್ತದೆ.

ಎರಡನೆಯದಾಗಿ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಕಿವಿಗೊಡಿ. ಹೈಡ್ರಾಲಿಕ್ ಟ್ಯಾಪೆಟ್ (ಕ್ಯಾಮ್ ಮತ್ತು ಸರಳಿನ ನಡುವಿನ ಸಂದನ್ನು ಆಯಿಲ್ ಒತ್ತಡದಿಂದ ತುಂಬುವ ಭಾಗ) ಇರುವ 346ರಲ್ಲಿ ಆಯಿಲ್ ತುಂಬುವವರೆಗೆ ಕೆಲವು ಕ್ಷಣ ಟಿಕ್‌ಟಿಕ್ ಸದ್ದು ಬಂದರೆ ಹೆದರಬೇಕಿಲ್ಲ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಅನುಮಾನಿಸಿ. 349ರಲ್ಲಿ ಕರಕರ ಸದ್ದು ಮುಂದುವರಿದರೆ ಕ್ಯಾಮ್ ತಿರುಗಿಸುವ ಚೈನ್ ಮತ್ತು ಅದನ್ನು ಬಿಗಿಯಾಗಿಡುವ ಟೆನ್ಷನರ್ ನೋಡಿಸಬೇಕು.

ಬಳಿಕ ಓಡಿಸಿ ನೋಡಿ. ಇಲ್ಲೇ ಹಲವರು ಎಡವುವುದು: ಹಳೆಯ ಬುಲೆಟ್ಟಿನ ಎಳೆತವನ್ನು ಪುಶ್‌ರಾಡ್‌ನ ಗುಣವೆಂದೂ, ಹೊಸದರ ನಯವನ್ನು ಓವರ್‌ಹೆಡ್ ಕ್ಯಾಮ್‌ನ ಗುಣವೆಂದೂ ಹೇಳುತ್ತಾರೆ. ಬಿಎಸ್4 (ಹಿಂದಿನ ಹೊಗೆ ನಿಯಮ) ಕಾಲದ 346 ಎಂಜಿನ್ 28 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತಿತ್ತು, ಮೀಟಿಯರ್ 27 ಕೊಡುತ್ತದೆ, ಎರಡೂ 4000 ಆರ್‌ಪಿಎಂನಲ್ಲಿ! ಆ ಎಳೆತ ಬರುವುದು ಮುಖ್ಯವಾಗಿ ಉದ್ದನೆಯ ಸ್ಟ್ರೋಕ್‌ನಿಂದ, ಅಂದರೆ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರದಿಂದ. ಅದು ಹಳೆಯದರಲ್ಲಿ 90 ಮಿಲಿಮೀಟರ್, ಹೊಸದರಲ್ಲಿ 85.8. ಹೊಸದರ ಕಂಪನ ತಗ್ಗಿಸಿದ ಶ್ರೇಯ ಬಹುಪಾಲು ಬ್ಯಾಲೆನ್ಸರ್ ಶಾಫ್ಟ್‌ಗೆ ಸಲ್ಲಬೇಕು. ಕ್ಯಾಮ್ ಮೇಲೇರಿದ್ದರ ಲಾಭ ಕಾಣುವುದು ಗರಿಷ್ಠ ಶಕ್ತಿಯ ಜಾಗದಲ್ಲಿ: ಹಳೆಯದು 5250ರಲ್ಲಿ ಮುಟ್ಟುತ್ತಿದ್ದ ತುದಿಯನ್ನು ಮೀಟಿಯರ್ 6100ರಲ್ಲಿ ಮುಟ್ಟುತ್ತದೆ. ಹೆದ್ದಾರಿಯಲ್ಲಿ ತಾಸುಗಟ್ಟಲೆ ಓಡಿಸುವವರಿಗೆ ಹೊಸದೇ ಮೇಲು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಪುಶ್‌ರಾಡ್ ಹಳಸಲು ತಂತ್ರವಲ್ಲ. ಅಮೆರಿಕದ ಸ್ಪೋರ್ಟ್ಸ್ ಕಾರು ಕಾರ್ವೆಟ್ ಸ್ಟಿಂಗ್‌ರೇಯ ಎಂಟು ಸಿಲಿಂಡರಿನ ವಿ8 ಎಂಜಿನ್ ಇಂದಿಗೂ ಅದನ್ನೇ ನೆಚ್ಚಿದೆ.

ಕೊನೆಗೆ ರಿಪೇರಿಯ ಲೆಕ್ಕ. ಪುಶ್‌ರಾಡ್ ಎಂಜಿನ್ನಿನ ಹೆಡ್ ಬಿಚ್ಚಿದರೂ ಕೆಳಗಿನ ಕ್ಯಾಮ್ ಕದಲುವುದಿಲ್ಲ; ಓವರ್‌ಹೆಡ್ ಕ್ಯಾಮ್‌ನಲ್ಲಿ ಚೈನ್ ಕಳಚಿ, ಮತ್ತೆ ಗುರುತಿಗೆ ಗುರುತು ಕೂಡಿಸಿ ಟೈಮಿಂಗ್ ಹೊಂದಿಸಬೇಕು. ಆದ್ದರಿಂದ ಮುಂಗಡ ಕೊಡುವ ಮೊದಲು, ನಿಮ್ಮೂರಿನ ಮೆಕ್ಯಾನಿಕ್ ಇವೆರಡರಲ್ಲಿ ಯಾವುದನ್ನು ಬಿಚ್ಚಿ ಕಟ್ಟಿದ್ದಾರೆ ಎಂದು ಕೇಳಿಕೊಳ್ಳಿ.