ಸಂಜೆಯ ಕಬಡ್ಡಿ ಅಂಕಣದಲ್ಲಿ ಊರಿನ ಮಕ್ಕಳಿಗೆ ಆಸರೆಯಾಗುವುದು ಹೇಗೆ?

ಕರಾವಳಿಯ ಯಾವ ಊರಿಗೆ ಹೋದರೂ ಒಂದು ಯುವಕ ಮಂಡಲ, ಅದರ ಹೆಸರು ಬರೆದ ಬಸ್ಸು ತಂಗುದಾಣ, ಮಳೆ ಬಿಟ್ಟ ಮೇಲೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದ ಬ್ಯಾನರು ಕಾಣಸಿಗುತ್ತವೆ. ಒಂದು ರಾತ್ರಿಯ ಪಂದ್ಯಾಟ ನಡೆಸುವುದರಲ್ಲಿ ನಮ್ಮವರು ಪಳಗಿದವರು. ಆದರೆ ವರ್ಷವಿಡೀ ಹತ್ತು ಹದಿನೈದು ಮಕ್ಕಳನ್ನು ಸೇರಿಸಿ ಆಡಿಸುತ್ತ, ಅವರ ಓದು ಮತ್ತು ನಡವಳಿಕೆಯ ಮೇಲೂ ಒಂದು ಕಣ್ಣಿಡುವುದು ಬೇರೆಯೇ ಕೆಲಸ. ಉಡುಪಿಯ ಹತ್ತಿರದ ನಮ್ಮ ಊರಿನಲ್ಲಿ ಕೆಲವು ವರ್ಷ ಆ ಕೆಲಸ ಮಾಡಿ ಕಂಡುಕೊಂಡದ್ದನ್ನು, ಹೊಸದಾಗಿ ಆರಂಭಿಸುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಜಾಗ ಮತ್ತು ಸಮಯ ಮೊದಲು ನಿಶ್ಚಯವಾಗಬೇಕು. ಶಾಲೆಯ ಮೈದಾನವಾದರೆ ಮುಖ್ಯೋಪಾಧ್ಯಾಯರಿಂದಲೂ ಶಾಲಾಭಿವೃದ್ಧಿ ಸಮಿತಿಯಿಂದಲೂ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಮುಖ್ಯೋಪಾಧ್ಯಾಯರು ವರ್ಗವಾದ ದಿನವೇ ಮುಗಿಯುತ್ತದೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲವಿರುತ್ತದೆಯಾದರೂ ಚಿಕ್ಕ ಮಕ್ಕಳಿಗೆ ಅಷ್ಟು ಬೇಕಾಗಿಲ್ಲ, ಸುಣ್ಣದ ಗೆರೆಯನ್ನು ಒಳಗೆ ತಂದರೆ ಸಾಕು. ಗಮನ ಕೊಡಬೇಕಾದದ್ದು ನೆಲಕ್ಕೆ. ನಮ್ಮ ಮುರಕಲ್ಲಿನ ಗಟ್ಟಿ ನೆಲ ಮಂಡಿ, ಮೊಣಕೈಗಳ ಚರ್ಮ ಸುಲಿಯುವುದರಿಂದ, ಮೇಲ್ಮಣ್ಣನ್ನು ಕೆತ್ತಿ ಸಡಿಲಿಸಿ, ಹರಳು ಹೆಕ್ಕಿ, ನುಣ್ಣನೆಯ ಮಣ್ಣು ಹರಡಿದ ಮೇಲೆಯೇ ಆಟ ಆರಂಭಿಸಿ. ಈ ಕೆಲಸವನ್ನು ಮಕ್ಕಳೊಂದಿಗೇ ಮಾಡಿ. ಯಾರು ಯಾರೊಡನೆ ಮಾತನಾಡುವುದಿಲ್ಲ, ಯಾರು ಬುಟ್ಟಿ ಬಿಟ್ಟು ಜಾರಿಕೊಳ್ಳುತ್ತಾರೆ ಎಂಬುದೆಲ್ಲ ಆ ಎರಡು ಸಂಜೆಗಳಲ್ಲಿ ತಿಳಿಯುತ್ತದೆ.

ಮೊದಲ ವಾರ ರೈಡನ್ನೂ ಕ್ಯಾಚನ್ನೂ ಬದಿಗಿಟ್ಟು ಬೀಳುವುದನ್ನು ಕಲಿಸಿ. ಕೈಯೂರಿ ಬಿದ್ದ ಹುಡುಗನ ಮಣಿಕಟ್ಟು ಮುರಿದರೆ ಮನೆಯವರು ಅವನನ್ನು ಮತ್ತೆ ಕಳುಹಿಸುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಇನ್ನು ಹಾಜರಿ ಪುಸ್ತಕ. ಎರಡು ರೂಲು ಎಳೆದ ಸಾಮಾನ್ಯ ನೋಟು ಪುಸ್ತಕ ಸಾಕು, ಆದರೆ ಅದನ್ನು ಬಂದವರ ಲೆಕ್ಕಕ್ಕಿಂತ ಬಾರದವರ ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಚೆನ್ನಾಗಿ ಆಡುವ ಹುಡುಗನನ್ನು ಹುಡುಕಿಕೊಂಡು ಹತ್ತು ಜನ ಬರುತ್ತಾರೆ. ಸತತ ಮೂರು ದಿನ ಕಾಣದ ಹುಡುಗನನ್ನು ಹುಡುಕುವವರು ನೀವೊಬ್ಬರೇ ಆಗಿರಬಹುದು. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಒಂದು ಡಿಸೆಂಬರಿನಲ್ಲಿ ತಂಡಕ್ಕೆ ಒಂದೇ ಬಣ್ಣದ ಜೆರ್ಸಿ ಹೊಲಿಸಲು ತಲೆಗೆ 250 ರೂಪಾಯಿ ತರಬೇಕೆಂದು ಎಲ್ಲರ ಮುಂದೆ ಹೇಳಿದೆ. ಮರುದಿನದಿಂದ ಎಂಟನೆಯ ತರಗತಿಯ ಒಬ್ಬ ಹುಡುಗ ಅಂಕಣಕ್ಕೆ ಇಳಿಯದೆ ತೆಂಗಿನ ಮರದ ಬುಡದಲ್ಲಿ ನಿಲ್ಲತೊಡಗಿದ. ಕೇಳಿದರೆ "ಕಾಲು ನೋವುಂಟು ಅಣ್ಣ" ಎನ್ನುತ್ತಿದ್ದ. ಒಂದು ವಾರ ಅವನು ಹೇಳಿದ್ದನ್ನು ನಂಬಿದೆ. ಎರಡನೆಯ ವಾರ ಅವನು ಬರಲೇ ಇಲ್ಲ. ಮನೆಗೆ ಹೋದಾಗ ಅವನ ತಾಯಿ ಬೀಡಿ ಕಟ್ಟುತ್ತಿದ್ದರು, ಹುಡುಗ ಅಂಗಳದಲ್ಲಿ ತಂಗಿಯನ್ನು ಅಟ್ಟಿಸಿಕೊಂಡು ಓಡುತ್ತಿದ್ದ, ಕಾಲಿಗೆ ಏನೂ ಆಗಿರಲಿಲ್ಲ. ಅಂದಿನಿಂದ ಮಕ್ಕಳ ಮುಂದೆ ಹಣದ ಮಾತೆತ್ತುವುದನ್ನು ಬಿಟ್ಟೆವು. ಜೆರ್ಸಿಯ ಖರ್ಚು ಮಂಡಲದ್ದು. ಕೊಡಬಲ್ಲವರು ಮಂಡಲಕ್ಕೆ ಸದ್ದಿಲ್ಲದೆ ಕೊಡುತ್ತಾರೆ. ಮನೆಗೆ ಹೋದಾಗಲೂ ದೂರು ಹೇಳಲು ಬಂದವರಂತೆ ಕಾಣಿಸಿಕೊಳ್ಳಬೇಡಿ, ಜಗಲಿಯಲ್ಲಿ ಕುಳಿತು ಹುಡುಗನ ಒಂದು ಒಳ್ಳೆಯ ಗುಣದಿಂದ ಮಾತು ಆರಂಭಿಸಿ.

ನಮ್ಮ ಭಾಗದ ಪಂದ್ಯಾಟಗಳಲ್ಲಿ ಅನೇಕವು ಇಂತಿಷ್ಟು ಕೆ.ಜಿ. ವಿಭಾಗವೆಂದು ನಡೆಯುವುದರಿಂದ, ತೂಕ ಇಳಿಸಲು ಮಕ್ಕಳು ಹಿಂದಿನ ದಿನದಿಂದ ಅನ್ನ ನೀರು ಬಿಡುವುದುಂಟು. ಬೆಳೆಯುವ ವಯಸ್ಸಿನವರಿಗೆ ಇದನ್ನು ಯಾವ ಕಾರಣಕ್ಕೂ ಅನುಮತಿಸಬೇಡಿ. ವಿಭಾಗ ಸಿಗದಿದ್ದರೆ ಆ ಪಂದ್ಯಾಟವನ್ನೇ ಬಿಡಿ. ಫೈನಲ್ ಪಂದ್ಯ ಬೆಳಗಿನ ಜಾವಕ್ಕೆ ಮುಗಿಯುವ ಕಡೆಗೆ ಶಾಲಾ ದಿನಗಳಲ್ಲಿ ಹೋಗುವುದಿಲ್ಲವೆಂಬ ನಿಯಮವನ್ನೂ ಮೊದಲೇ ಹೇಳಿಬಿಡಿ. ಗೆದ್ದ ರಾತ್ರಿ ಹಿರಿಯರು ನಡೆಸುವ ಗಮ್ಮತ್ತಿನಿಂದ ಮಕ್ಕಳನ್ನು ದೂರವಿಡುವುದು ಹೇಳಿದಷ್ಟು ಸುಲಭವಲ್ಲ, ಮಂಡಲದೊಳಗೆ ಮುಖ ಕೆಡುತ್ತದೆ. ಕೆಡಲಿ.

ಸುರಕ್ಷತೆಯ ವಿಷಯದಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ಯಾವ ಹೊತ್ತಿನಲ್ಲೂ ಅಂಕಣದ ಬಳಿ ಇಬ್ಬರು ಹಿರಿಯರಿರಬೇಕು. ಹುಡುಗಿಯರು ಆಡುವಾಗ ಮಹಿಳಾ ಮಂಡಲದ ಒಬ್ಬರಾದರೂ ಇರಬೇಕು. ಮಕ್ಕಳಿಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸದೆ ಪೋಷಕರೂ ಇರುವ ವಾಟ್ಸಾಪ್ ಗುಂಪಿನಲ್ಲೇ ಎಲ್ಲವನ್ನೂ ತಿಳಿಸಿ. 18 ವರ್ಷದೊಳಗಿನವರ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ; ಊರಿನ ಮರ್ಯಾದೆಯ ಹೆಸರಿನಲ್ಲಿ ಪಂಚಾತಿಕೆ ಮಾಡಿ ಮುಚ್ಚುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ಪುಸ್ತಕದ ರಟ್ಟಿನ ಮೇಲೆಯೇ ಬರೆದಿಡಿ, ಮಕ್ಕಳಿಗೂ ಬಾಯಿಪಾಠವಾಗಿರಲಿ.

ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ ಭಾರತ ತಂಡದಲ್ಲಿ ಆಡಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಕಥೆಯನ್ನು ಮಕ್ಕಳಿಗೆ ಹೇಳಬೇಕು, ಆದರೆ ಅದನ್ನು ಭರವಸೆಯಾಗಿ ಮಾರಬಾರದು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರ ದಾರಿ: ಕುಸ್ತಿಯ ಆಸೆಯಿಂದ ಹೊರಟವರು ವೇಟ್‌ಲಿಫ್ಟಿಂಗಿಗೆ ತಿರುಗಿ, 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿಯನ್ನೂ 2022ರಲ್ಲಿ ಕಂಚನ್ನೂ ತಂದರು. ಕಬಡ್ಡಿಗೆ ಒಗ್ಗದ, ಆದರೆ ಚುರುಕಾಗಿ ಓಡುವ ಹುಡುಗಿಯನ್ನು ನಿಮ್ಮ ತಂಡದಲ್ಲೇ ಹಿಡಿದಿಟ್ಟುಕೊಳ್ಳದೆ ಉಡುಪಿಯ ಅಜ್ಜರಕಾಡು ಕ್ರೀಡಾಂಗಣಕ್ಕೋ ಮಂಗಳೂರಿನ ಮಂಗಳಾ ಕ್ರೀಡಾಂಗಣಕ್ಕೋ ಕರೆದೊಯ್ದು ಅಲ್ಲಿನ ತರಬೇತುದಾರರಿಗೆ ತೋರಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಕಣ ಕೆಸರಾಗಿರುವಾಗಲೂ ವಾರಕ್ಕೆರಡು ಸಂಜೆ ಶಾಲೆಯ ಜಗಲಿಯಲ್ಲಿ ಸೇರಿ. ಅರ್ಧ ಗಂಟೆ ದಂಡ ಬೈಠಕ್, ಅರ್ಧ ಗಂಟೆ ಲೆಕ್ಕ ಮತ್ತು ಇಂಗ್ಲಿಷ್. ಆಟವಿಲ್ಲದ ಆ ನಾಲ್ಕು ತಿಂಗಳಲ್ಲಿ ಬಿಟ್ಟುಹೋದವರು ಹಿಂದಿರುಗುವುದು ಅಪರೂಪ. ಎಸ್ಸೆಸ್ಸೆಲ್ಸಿಯವರಿಗೆ ಜನವರಿಯಿಂದ ಆಡುವ ಹೊತ್ತನ್ನು ಕಡಿಮೆ ಮಾಡಿ, ಆದರೆ ಮೈದಾನಕ್ಕೆ ಬರುವುದನ್ನು ನಿಲ್ಲಿಸಬೇಡಿ. ಹಾಜರಿ ಕರೆಯುವ ಕೆಲಸವನ್ನು ಅವರಿಗೇ ಒಪ್ಪಿಸಿ, ಮೂರು ದಿನ ಬಾರದವನ ಮನೆಗೆ ಹೋಗುವಾಗ ಅವರಲ್ಲೊಬ್ಬನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ.