ಬೋರ್ ಕೊರೆಯುವಾಗಲೇ ಬಂಡೆಯ ವಿದ್ಯುತ್ ಹಿಡಿಯಲು ಹೋಗಿದ್ದು

ಚಿಂತಾಮಣಿ ಕಡೆ ಬೋರ್ ಪಾಯಿಂಟ್ ನೋಡುವವರಲ್ಲಿ ಎರಡು ಗುಂಪು. ತೆಂಗಿನಕಾಯಿ ಹಿಡಿಯುವವರು, ಮೀಟರ್ ಹಿಡಿಯುವವರು. ನಾನು ಮೀಟರಿನವನು. ಮೇಲೆ ಮಣ್ಣು ಎಷ್ಟು, ಕೊಳೆತ ಕಲ್ಲು ಎಷ್ಟು ಅಂತ, ನೆಲಕ್ಕೆ ಕರೆಂಟ್ ಬಿಟ್ಟು ಅದಕ್ಕೆ ಸಿಗುವ ತಡೆ ಅಳೆಯುವ ರೆಸಿಸ್ಟಿವಿಟಿ ಮೀಟರ್ ಚೆನ್ನಾಗಿಯೇ ಹೇಳುತ್ತದೆ. ಆದರೆ ನಾನೂರು ಅಡಿ ಕೆಳಗೆ ಗ್ನೈಸ್ ಬಂಡೆಯಲ್ಲಿರುವ ಬೆರಳು ದಪ್ಪದ ಸೀಳು ಅದಕ್ಕೆ ಕಾಣುವುದಿಲ್ಲ. ಆ ಸೀಳಿನಲ್ಲಿ ನೀರು ಓಡಾಡುತ್ತದೋ ಜೇಡಿ ತುಂಬಿಕೊಂಡಿದೆಯೋ ಎಂಬುದಂತೂ ಕೇಳಲೇಬೇಡಿ. ಅದಕ್ಕೇ ಸೈಸ್ಮೋಎಲೆಕ್ಟ್ರಿಕ್ ಎಂಬ ವಿಧಾನದ ಹಿಂದೆ ಬಿದ್ದೆ.

ವಿಷಯ ಇಷ್ಟೇ. ಕಲ್ಲಿನ ಮೈಗೆ ಸಾಮಾನ್ಯವಾಗಿ ನೆಗೆಟಿವ್ ಚಾರ್ಜ್ ಇರುತ್ತದೆ. ಅದಕ್ಕೆ ತಾಗಿದ ನೀರಿನಲ್ಲಿ ಪಾಸಿಟಿವ್ ಅಯಾನುಗಳು ಜಾಸ್ತಿ. ನೆಲಕ್ಕೆ ಸುತ್ತಿಗೆಯಿಂದ ಬಡಿದರೆ ಒತ್ತಡದ ಅಲೆ ಇಳಿದು ಸೀಳಿನ ನೀರನ್ನು ಅಲುಗಿಸುತ್ತದೆ. ನೀರಿನ ಜೊತೆ ಚಾರ್ಜೂ ಸರಿದು ಒಂದು ಪುಟ್ಟ ವೋಲ್ಟೇಜ್ ಹುಟ್ಟುತ್ತದೆ. ಸೋವಿಯತ್ ವಿಜ್ಞಾನಿ ಇವಾನೋವ್ ಇದನ್ನು 1939ರಲ್ಲೇ ಬರೆದಿಟ್ಟಿದ್ದಾರೆ. 1994ರಲ್ಲಿ ಸ್ಟೀವನ್ ಪ್ರೈಡ್ ಇದರ ಪೂರ್ತಿ ಸಮೀಕರಣ ಕೊಟ್ಟರು.

ಎಣ್ಣೆ ಬಾವಿಯವರ ಕಣ್ಣು ಇದರ ಮೇಲೆ ಬಿದ್ದಿದ್ದು ಬೇರೆ ಕಾರಣಕ್ಕೆ. ಕೊರೆಯುತ್ತಲೇ ಬಂಡೆಯಲ್ಲಿ ಶಬ್ದದ ವೇಗ ಅಳೆಯಲು ಹೋದರೆ, ದಪ್ಪ ಉಕ್ಕಿನ ಪೈಪೇ ಶಬ್ದವನ್ನು ಹೊತ್ತು ಓಡಿ ಬಂಡೆಯ ಅಲೆಯನ್ನು ಮುಚ್ಚಿಬಿಡುತ್ತದೆ. ಆದರೆ ಉಕ್ಕಿನೊಳಗೆ ರಂಧ್ರವಿಲ್ಲ, ರಂಧ್ರದಲ್ಲಿ ನೀರಿಲ್ಲ. ಹಾಗಾಗಿ ಅದೇ ಅಲೆಯನ್ನು ವಿದ್ಯುತ್ತಿನಲ್ಲಿ ಹಿಡಿದರೆ ಪೈಪಿನ ಗಲಾಟೆ ಹೋಗಿ ಬಂಡೆಯದ್ದು ಉಳಿಯುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಸಣ್ಣ ಮಾದರಿ ಕಟ್ಟಿ ಇದನ್ನು ತೋರಿಸಿದ್ದಾರೆ. ಅದನ್ನು ಓದಿದ ಮೇಲೆ ನನಗೆ ಹುಚ್ಚು ಹಿಡಿಯಿತು.

ನಮ್ಮ ರಿಗ್‌ನಲ್ಲಿ ಅಂಥ ಪೈಪಿಲ್ಲ, ಉಪಕರಣವೂ ಇಲ್ಲ. ಇರುವುದು ಇಪ್ಪತ್ತು ಅಡಿ ರಾಡು, ಗಾಳಿ ಹ್ಯಾಮರ್, ಧೂಳು. ಒಂದು ರಾಡ್ ಇಳಿದು ಇನ್ನೊಂದು ಜೋಡಿಸುವ ಎರಡು ಮೂರು ನಿಮಿಷವೇ ನನ್ನ ಸಮಯ. ಮೊದಲ ದಿನ ನೆಲದಲ್ಲಿ ಎಲೆಕ್ಟ್ರೋಡ್ ಹೂತು, ಉಕ್ಕಿನ ತಟ್ಟೆ ಇಟ್ಟು, ಆ ಬಿಡುವಿನಲ್ಲಿ ಹತ್ತು ಹತ್ತು ಏಟು ಹೊಡೆದೆ. ಎಲ್ಲ ಚಾನೆಲ್‌ಗಳಲ್ಲೂ ಒಂದೇ ಕ್ಷಣಕ್ಕೆ ಚೂಪಾದ ಸಿಗ್ನಲ್! ಮನೆಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ.

ರಾತ್ರಿ ಕೂತು ನೋಡಿದರೆ ಎಲ್ಲವೂ ಸೊನ್ನೆ ಮಿಲಿಸೆಕೆಂಡಿನಲ್ಲೇ ಇವೆ. ಅಲೆ ಕೆಳಗೆ ಹೋಗಲು ಸಮಯವೇ ಬೇಡವಾ? ಮಾರನೇ ದಿನ ತಟ್ಟೆಯನ್ನು ಲಾರಿ ಟೈರಿನ ಮೇಲಿಟ್ಟು ಬಡಿದೆ. ಏಟು ನೆಲಕ್ಕೆ ತಾಗುತ್ತಿಲ್ಲ, ಆದರೂ ಅದೇ ಸಿಗ್ನಲ್ ಬಂತು. ಏಟು ಬಿದ್ದ ಕ್ಷಣವನ್ನು ಮೀಟರಿಗೆ ತಿಳಿಸುವ ಸುತ್ತಿಗೆಯ ಟ್ರಿಗರ್ ತಂತಿ ಎಲೆಕ್ಟ್ರೋಡ್ ತಂತಿಯ ಪಕ್ಕದಲ್ಲೇ ಮಲಗಿತ್ತು, ಅಷ್ಟೆ. ಅವತ್ತಿನಿಂದ ಟ್ರಿಗರ್ ತಂತಿಯನ್ನು ಬೇರೆ ದಿಕ್ಕಿಗೆ ಎಳೆಯುತ್ತೇನೆ. ಉಕ್ಕಿನ ತಟ್ಟೆಯ ಬದಲು ದಪ್ಪ ಪ್ಲಾಸ್ಟಿಕ್ ದಿಮ್ಮಿ. ಕೆಲಸ ಶುರು ಮಾಡುವ ಮುಂಚೆ ಟೈರ್ ಪರೀಕ್ಷೆ ಕಡ್ಡಾಯ.

ತಂತಿ ಸರಿಪಡಿಸಿದ ಮೇಲೆ ನೆಲದ ಮೇಲಿಂದ ಏನೂ ಸಿಗಲಿಲ್ಲ. ಕಂಪ್ರೆಸರ್ ನಿಲ್ಲುವುದಿಲ್ಲ, ಪಕ್ಕದ ಹೊಲದ ಪಂಪ್‌ಸೆಟ್ಟಿನ 50 ಹರ್ಟ್ಸ್ ಗುಂಯ್ ಅನ್ನುತ್ತಲೇ ಇರುತ್ತದೆ. ಅಷ್ಟು ಆಳದ ಸಿಗ್ನಲ್ ಮೇಲೆ ಬರುವಷ್ಟರಲ್ಲಿ ಇದರಲ್ಲಿ ಮುಳುಗಿ ಹೋಗಿರುತ್ತದೆ.

ಅದೃಷ್ಟ ಒಲಿದಿದ್ದು ಕಂಪ್ರೆಸರ್ ಹೋಸ್ ಒಡೆದಾಗ. 450 ಅಡಿಗೆ ಕೆಲಸ ನಿಂತಿತು. ರಾಡುಗಳನ್ನು ಮೇಲೆತ್ತಿ, ಬೆಳಿಗ್ಗೆ ಬರ್ತೀವಿ ಅಂತ ಹೊರಟರು. ರಾತ್ರಿಯೊಳಗೆ ನೀರು 250 ಅಡಿಗೆ ಏರಿತು. ಮೂರು ಗಂಟೆಗೆ ತ್ರೀ ಫೇಸ್ ಪಾಳಿ ಮುಗಿದು ಸುತ್ತಲಿನ ಮೋಟಾರೆಲ್ಲ ಸುಮ್ಮನಾದವು. ಸೀಸದ ಎಲೆಕ್ಟ್ರೋಡ್ ಕಟ್ಟಿದ ಕೇಬಲ್ ಇಳಿಸಿ, ಬೋರಿನಿಂದ ಐದು ಮೀಟರ್ ದೂರದಲ್ಲಿ ನಲವತ್ತು ಏಟು ಹೊಡೆದು ಎಲ್ಲವನ್ನೂ ಕೂಡಿಸಿದೆ. ಉಳಿದ 50 ಹರ್ಟ್ಸ್ ಮತ್ತು ಅದರ ಮಡಿಗಳನ್ನು ಕಂಪ್ಯೂಟರಿನಲ್ಲಿ ಕಳೆದೆ.

ಸುಮಾರು 40 ಮಿಲಿಸೆಕೆಂಡಿಗೆ, ಕೆಳಗಿನ ನಾಲ್ಕು ಎಲೆಕ್ಟ್ರೋಡ್ ಜೋಡಿಗಳಲ್ಲೂ ಒಟ್ಟಿಗೆ ಒಂದು ಸಣ್ಣ ಉಬ್ಬು. ಹತ್ತಾರು ಮೈಕ್ರೋವೋಲ್ಟ್, ಅಷ್ಟೇ. ಈ ಸಲ ಯಾರಿಗೂ ಫೋನ್ ಮಾಡಲಿಲ್ಲ. ಕೇಬಲ್ಲನ್ನು ಇಪ್ಪತ್ತು ಅಡಿ ಮೇಲೆತ್ತಿ ಮತ್ತೆ ಹೊಡೆದೆ. ಎಲೆಕ್ಟ್ರೋಡಿನ ಜೊತೆ ಬಂದುಹೋಗುವ ಅಲೆಯಾಗಿದ್ದರೆ ಅದರ ಸಮಯ ಬದಲಾಗಬೇಕು. ತಂತಿಯ ಸುಳ್ಳಾಗಿದ್ದರೆ ಸೊನ್ನೆಯಲ್ಲಿರಬೇಕು. ಇದು 40 ಬಿಟ್ಟು ಕದಲಲಿಲ್ಲ. ಅಂದರೆ ಅಲೆ ಒಂದು ಸೀಳಿಗೆ ತಾಗಿದಾಗ ಅಲ್ಲಿ ಹುಟ್ಟಿದ ವೋಲ್ಟೇಜ್ ಎಲ್ಲ ಜೋಡಿಗಳಿಗೂ ಒಮ್ಮೆಗೇ ಮುಟ್ಟುತ್ತಿದೆ. ಮೇಲಿನ 60 ಅಡಿ ಕೊಳೆತ ಕಲ್ಲಿನಲ್ಲಿ ಅಲೆ ನಿಧಾನ, ಕೆಳಗಿನ ಗ್ನೈಸ್‌ನಲ್ಲಿ ಸೆಕೆಂಡಿಗೆ ಐದು ಕಿಲೋಮೀಟರಿಗೂ ತುಸು ಜಾಸ್ತಿ. ಲೆಕ್ಕ ಹಾಕಿದರೆ 410 ಅಡಿ ಹತ್ತಿರ ಬರುತ್ತದೆ.

ಡ್ರಿಲ್ಲರ್ ಪುಸ್ತಕದಲ್ಲಿ ಎರಡು ಕಡೆ ಗುರುತಿತ್ತು. 330ರಲ್ಲಿ ಧೂಳು ತೇವವಾಯಿತು. 410ರಲ್ಲಿ ಧೂಳು ನಿಂತು ನೀರು ಚಿಮ್ಮಿತು, ನೀರಿನ ಪ್ರಮಾಣ ಅಳೆಯುವ ವಿ-ನಾಚ್‌ನಲ್ಲಿ ಒಂದೂವರೆ ಇಂಚು. 330ರ ಸೀಳಿಗೆ 35 ಮಿಲಿಸೆಕೆಂಡ್ ಸುಮಾರಿಗೆ ಉಬ್ಬು ಬರಬೇಕಿತ್ತು. ಅಲ್ಲಿ ಗೆರೆ ನೆಟ್ಟಗಿತ್ತು. ಸೀಳು ಇದೆ, ಆದರೆ ನೀರು ಓಡಾಡುವಷ್ಟಿಲ್ಲ ಅಂತ ನಾನು ಓದಿಕೊಂಡೆ.

ಒಂದು ಬೋರ್ ನೋಡಿ ಕುಣಿಯಬಾರದು ಅಂತ ಇನ್ನೆರಡು ಕಡೆ ಮಾಡಿದೆ. ಒಂದರಲ್ಲಿ ಮಸುಕಾಗಿ ಬಂತು. ಇನ್ನೊಂದರಲ್ಲಿ ನೀರು ಚೆನ್ನಾಗಿದ್ದರೂ ಏನೂ ಬರಲಿಲ್ಲ. ಅಲ್ಲಿನ ನೀರು ಉಪ್ಪು, ಇಸಿ (ನೀರಿನ ವಿದ್ಯುತ್ ವಾಹಕತೆ, ಉಪ್ಪಿನ ಅಳತೆ) 2,800 ಇತ್ತು. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಈ ವೋಲ್ಟೇಜ್ ಕುಗ್ಗುತ್ತದೆ. ಈಗ ಕೇಬಲ್ ಇಳಿಸುವ ಮೊದಲು ಚೊಂಬಿನಲ್ಲಿ ನೀರು ಹಿಡಿದು ಇಸಿ ನೋಡುತ್ತೇನೆ.

ಈಗ ತಲೆಯಲ್ಲಿರುವುದು ಸುತ್ತಿಗೆ ಬಿಟ್ಟು ರಿಗ್ಗಿನ ಹ್ಯಾಮರ್ ಏಟನ್ನೇ ಬಳಸುವುದು. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಏಟು ಪುಕ್ಕಟೆ ಸಿಗುತ್ತದೆ ಅಲ್ವಾ. ಕಳೆದ ವಾರ ರಿಗ್ಗಿನ ಎತ್ತರದ ಕಂಬವಾದ ಮಾಸ್ಟ್‌ಗೆ ಒಂದು ಸೆನ್ಸರ್ ಕಟ್ಟಿದ್ದೆ. ಎರಡನೇ ರಾಡ್ ಮುಗಿಯುವಷ್ಟರಲ್ಲಿ ಡ್ರಿಲ್ಲರ್ ಕೂಗಿದ: "ಸಾರ್, ನಿಮ್ ತಂತಿ ತೆಗೀರಿ, ಅಡಿ ಲೆಕ್ಕದ ಮೇಲೆ ದುಡ್ಡು ನಮಗೆ!"